ಹಳೆಯ ಜೀಪಿಗೆ ಬ್ರೇಕ್ ಮೊದಲು, ಸೀಟು ಆಮೇಲೆ

ಪ್ರಶ್ನೆ: ತಂದೆಯವರು ಇಟ್ಟುಹೋದ 1968ರ ಮಹೀಂದ್ರಾ ಸಿಜೆ-3ಬಿ ಜೀಪನ್ನು ಈಗ ನಾನು ಓಡಿಸುತ್ತಿದ್ದೇನೆ. ಬ್ರೇಕ್ ಹಿಡಿಯಬೇಕಾದರೆ ಪೆಡಲನ್ನು ಎರಡು ಸಲ ತುಳಿಯಬೇಕು, ಹಿಡಿದಾಗ ಗಾಡಿ ಎಡಕ್ಕೆ ಎಳೆಯುತ್ತದೆ. ನನ್ನ ಎತ್ತರ ಆರು ಅಡಿ, ಆದ್ದರಿಂದ ಮೊಣಕಾಲು ಸ್ಟೇರಿಂಗಿಗೆ ತಾಗುತ್ತದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿ, ಸೀಟನ್ನು ಹಿಂದಕ್ಕೆ ಸರಿಸಬಹುದೇ? ಚೋರ್ಲಾ ಘಾಟಿನಲ್ಲಿ ನಿರ್ಭಯವಾಗಿ ಇಳಿಯುವಂತಾಗಬೇಕು.
— ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ನೀವು ಎರಡು ತೊಂದರೆಗಳನ್ನು ಬರೆದಿದ್ದೀರಿ, ಆದರೆ ನಿಮ್ಮ ಜೀಪಿನಲ್ಲಿ ಅವೆರಡೂ ಒಂದಕ್ಕೊಂದು ಅಂಟಿಕೊಂಡಿವೆ. ಈ ಗಾಡಿಗೆ ಬೂಸ್ಟರ್ (ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಸಾಧನ) ಇಲ್ಲವಾದ್ದರಿಂದ ಗಾಡಿಯನ್ನು ನಿಲ್ಲಿಸುವ ಬಲವೆಲ್ಲ ನಿಮ್ಮ ಕಾಲಿನಿಂದಲೇ ಬರಬೇಕು, ಮತ್ತು ಬೆನ್ನಿಗೆ ಸರಿಯಾದ ಆಸರೆ ಇದ್ದು ಮೊಣಕಾಲು ಸ್ವಲ್ಪವೇ ಬಾಗಿದ್ದಾಗ ಮಾತ್ರ ಕಾಲು ಆ ಬಲವನ್ನು ಕೊಡಬಲ್ಲದು. ಆದರೂ ಮೊದಲು ಬ್ರೇಕ್ ಸರಿಯಾಗಲಿ.

ಪೆಡಲ್ ಹೇಗೆ ವರ್ತಿಸುತ್ತದೆ ಎಂಬುದನ್ನು ಗಮನಿಸಿದರೆ ದೋಷದ ಅರ್ಧ ಪತ್ತೆಯಾದಂತೆ. ಎರಡನೆಯ ತುಳಿತಕ್ಕೆ ಪೆಡಲ್ ಮೇಲೇರಿ ಗಟ್ಟಿಯಾಗಿ ನಿಂತರೆ, ಚಕ್ರದೊಡನೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಶೂಗಳಿಗೂ ಡ್ರಮ್‌ಗೂ ನಡುವೆ ಅಂತರ ಹೆಚ್ಚಾಗಿದೆ, ಅಡ್ಜಸ್ಟ್ ಮಾಡಿದರೆ ಸಾಕು. ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ, ಹೊರಗೆಲ್ಲೂ ಆಯಿಲ್ ಸೋರದಿದ್ದ ಪಕ್ಷದಲ್ಲಿ, ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿದೆ ಎಂದು ತಿಳಿಯಿರಿ. ಗಾಡಿ ಎಡಕ್ಕೆ ಎಳೆಯುವುದರಿಂದ ಅನೇಕರು ಎಡಚಕ್ರವನ್ನು ಬಿಚ್ಚುತ್ತಾರೆ. ವಾಸ್ತವದಲ್ಲಿ ಹೆಚ್ಚಾಗಿ ಕೆಲಸ ಮಾಡದಿರುವುದು ಬಲಗಡೆಯ ಬ್ರೇಕು. ಬಲ ಮುಂಚಕ್ರದ ಸಿಲಿಂಡರ್ ಜಾಮ್ ಆಗಿದೆಯೇ, ಆಯಿಲ್ ಸೀಲ್ ಸೋರಿ ಶೂವಿನ ಲೈನಿಂಗ್ (ಡ್ರಮ್ಮಿಗೆ ಉಜ್ಜುವ ಪದರ) ನೆನೆದಿದೆಯೇ ನೋಡಿಸಿ. ಎಣ್ಣೆ ಕುಡಿದ ಲೈನಿಂಗನ್ನು ತೊಳೆದು ಮತ್ತೆ ಹಾಕಬೇಡಿ. ಎರಡೂ ಬದಿಯ ಶೂಗಳನ್ನು ಒಟ್ಟಿಗೇ ಬದಲಿಸಿ. ಡ್ರಮ್ ಗೀರು ಬಿದ್ದಿದ್ದರೆ ಉದ್ಯಮಬಾಗದ ಯಾವುದಾದರೂ ಒಳ್ಳೆಯ ಲೇತ್‌ನಲ್ಲಿ ಹಗುರವಾಗಿ ಟರ್ನಿಂಗ್ ಮಾಡಿಸಿ, ಹೊಸ ಶೂಗಳ ಬಾಗು ಆ ಡ್ರಮ್ಮಿಗೆ ಪೂರ್ತಿ ಕೂಡುವಂತೆ ಉಜ್ಜಿಸಿಕೊಳ್ಳಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲಿನ ಕುದಿಯುವ ಬಿಂದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಹಿಡಿದಾಗ ಅದು 140ರವರೆಗೂ ಇಳಿಯಬಹುದು. ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಕಾದು, ಆಯಿಲ್ ಕುದಿದು ಆವಿಯಾಗಿ, ಕಾಲಡಿಯ ಪೆಡಲ್ ಒಮ್ಮೆಲೇ ಟೊಳ್ಳಾಗುವುದು ಹೀಗೆಯೇ. ಎರಡು ವರ್ಷಕ್ಕೊಮ್ಮೆ ಆಯಿಲನ್ನು ಪೂರ್ತಿ ಬದಲಿಸಿ.

ನಿಮ್ಮ ಗಾಡಿಯ ಮೂಲ ಡ್ರಮ್‌ಗಳು 9 ಇಂಚಿನವು. ಡಿಸ್ಕ್ ಬೇಡವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಡ್ರಮ್ಮಿನಲ್ಲಿ ತಿರುಗುವ ಚಕ್ರವೇ ಶೂವನ್ನು ಇನ್ನಷ್ಟು ಒಳಗೆ ಎಳೆದುಕೊಳ್ಳುತ್ತದೆ, ಡಿಸ್ಕಿಗೆ ಆ ನೆರವಿಲ್ಲ. ಬೂಸ್ಟರ್ ಇಲ್ಲದೆ ಅದನ್ನು ಹಾಕಿಸಿದರೆ ಕಾಲಿಗೆ ಶ್ರಮ ಹೆಚ್ಚುತ್ತದೆ. ಹೆಚ್ಚು ಬಲ ಬೇಕೇ ಬೇಕೆಂದಿದ್ದರೆ ನಂತರದ ಜೀಪುಗಳ 11 ಇಂಚಿನ ಡ್ರಮ್ಮನ್ನು ಅದರ ಪ್ಲೇಟು, ಶೂ, ಸಿಲಿಂಡರುಗಳ ಸಮೇತ ಒಂದೇ ಸೆಟ್ಟಾಗಿ ತಂದು ಕೂಡಿಸುವುದು ಉತ್ತಮ. ಅದಕ್ಕಿಂತಲೂ ಮುಖ್ಯವಾದದ್ದು ಎರಡು ಸರ್ಕೀಟಿನ, ಎಂದರೆ ಆಯಿಲಿಗೆ ಎರಡು ಬೇರೆ ಬೇರೆ ದಾರಿಗಳಿರುವ, ಮಾಸ್ಟರ್ ಸಿಲಿಂಡರ್. ಈಗಿನ ಒಂಟಿ ಸರ್ಕೀಟಿನಲ್ಲಿ ಒಂದು ಚಕ್ರದ ಪೈಪು ಒಡೆದರೂ ನಾಲ್ಕು ಚಕ್ರಗಳ ಬ್ರೇಕೂ ಹೋಗುತ್ತದೆ, ಹೊಸದರಲ್ಲಿ ಅರ್ಧವಾದರೂ ಉಳಿಯುತ್ತದೆ.

ಇನ್ನು ಕಾಲಿನ ಜಾಗ. ಈ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇದೆ, ಹಿಂದೆ ಚಕ್ರದ ಗೂಡು ಅಡ್ಡ ಬರುತ್ತದೆ. ಹೀಗಾಗಿ ಸೀಟು ಬೇಕಾದಷ್ಟು ಸರಿಯದು. ಹಳೆಯ ಬೋಲ್ಟ್ ತೂತುಗಳಿಗೇ ಹೊಂದುವ ದಪ್ಪ ಪಟ್ಟಿಯನ್ನು ಮಾಡಿಸಿ ಸೀಟನ್ನು ಒಂದೆರಡು ಇಂಚು ಹಿಂದಕ್ಕೆ ತನ್ನಿ, ಕುಶನ್ನಿನ ಫೋಮನ್ನು ತೆಳುವಾಗಿಸಿ. ಟ್ಯಾಂಕಿನ ಹತ್ತಿರ ವೆಲ್ಡಿಂಗ್ ಬೇಡವೇ ಬೇಡ, ಪೆಡಲಿನ ರಾಡನ್ನು ಬಗ್ಗಿಸುವುದಂತೂ ಸಲ್ಲದು. ಚಿಕ್ಕ ಸ್ಟೇರಿಂಗ್ ಹಾಕಿದರೆ ಮೊಣಕಾಲಿಗೆ ಜಾಗ ಸಿಗುತ್ತದೆ, ಆದರೆ ನಿಧಾನವಾಗಿ ಹೋಗುವಾಗ ತಿರುಗಿಸುವುದು ಭಾರವಾಗುತ್ತದೆ. ಸೀಟು ಕೂಡಿಸಿದ ಮೇಲೆ ಬೆನ್ನು ಎತ್ತದೆ ಬ್ರೇಕನ್ನೂ ಕ್ಲಚ್ಚನ್ನೂ ತಳದವರೆಗೆ ತುಳಿದು ನೋಡಿ. ಕಾಲು ಪೂರ್ತಿ ನೆಟ್ಟಗಾಗುತ್ತಿದ್ದರೆ ಸೀಟು ಅತಿಯಾಗಿ ಹಿಂದೆ ಹೋಗಿದೆ.

ಏನನ್ನೂ ಕತ್ತರಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಅದು ಮೂಲ ಸ್ವರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಬಿಚ್ಚಿದ ಹಳೆಯ ಭಾಗಗಳನ್ನೆಲ್ಲ ಎತ್ತಿಡಿ.

ಕೆಲಸ ಮುಗಿದ ಮೇಲೆ ಮೊದಲು ಬಯಲಿನಲ್ಲಿ, ಆಮೇಲೆ ಜಾಂಬೋಟಿ ರಸ್ತೆಯಲ್ಲಿ ಪರೀಕ್ಷಿಸಿ. ಘಾಟು ಇಳಿಯುವಾಗ ಮೇಲಿನಿಂದಲೇ ಎರಡನೇ ಗೇರು ಹಾಕಿ ಹೊರಡಿ. ಮೊದಲ ಗೇರಿಗೆ ಸಿಂಕ್ರೊಮೆಶ್ (ಗೇರುಗಳ ವೇಗವನ್ನು ಸರಿಹೊಂದಿಸಿ ಕೂಡಿಸುವ ವ್ಯವಸ್ಥೆ) ಇಲ್ಲದ ಈ ಗಾಡಿಯಲ್ಲಿ ಇಳಿಜಾರಿನ ನಡುವೆ ಅದನ್ನು ಹಾಕಲು ಹೋದರೆ ಗೇರು ಕೂಡದೆ ನ್ಯೂಟ್ರಲ್‌ನಲ್ಲೇ ಉಳಿದುಬಿಡುವ ಅಪಾಯವಿದೆ.