ನೀಲಿ, ಹಳದಿ ಬೆರೆತರೂ ಹಸಿರು ಮಂಕೇಕೆ? ಜಲವರ್ಣ ಮತ್ತು ಕರಕುಶಲ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಕಾಫಿ ತೋಟದ ಚಿತ್ರ ಬರೆಯುವಾಗ ನೀಲಿಗೆ ಹಳದಿ ಸೇರಿಸಿದರೆ ಪ್ರತಿ ಸಲವೂ ಕೆಸರಿನಂಥ ಹಸಿರು ಬರುತ್ತದೆ. ಟ್ಯೂಬಿನ ಹಸಿರನ್ನೇ ಹಚ್ಚಿದರೆ ಪ್ಲಾಸ್ಟಿಕ್ ಎಲೆಯ ಹಾಗೆ ಕಾಣುತ್ತದೆ. ಏನು ಮಾಡಲಿ? (ಸೋಮವಾರಪೇಟೆ)

ಉತ್ತರ: ನೀವು ಬಳಸುತ್ತಿರುವ ನೀಲಿ ಬಹುಶಃ ಅಲ್ಟ್ರಾಮರೀನ್. ಅದು ನೇರಳೆಯತ್ತ ವಾಲುವ ನೀಲಿ. ಬಣ್ಣದ ಪುಡಿಯ ಕೆಲಸವೇ ಬೆಳಕಿನ ಒಂದಷ್ಟು ಭಾಗವನ್ನು ಹೀರಿಕೊಂಡು ಉಳಿದದ್ದನ್ನು ಕಣ್ಣಿಗೆ ಕಳುಹಿಸುವುದು. ಹಳದಿ ನೀಲಿ ಬೆಳಕನ್ನು ನುಂಗುತ್ತದೆ, ನೀಲಿ ಕೆಂಪು ಬೆಳಕನ್ನು ನುಂಗುತ್ತದೆ. ಎರಡೂ ಬಿಟ್ಟುಕೊಡುವ ಬೆಳಕು ಹಸಿರು ಮಾತ್ರ, ಅದೇ ನಮಗೆ ಕಾಣುತ್ತದೆ. ಅಲ್ಟ್ರಾಮರೀನ್ ಹಸಿರು ಬೆಳಕನ್ನು ಕಡಿಮೆಯೇ ಬಿಡುತ್ತದೆ. ಅದರ ಜೊತೆಗೆ ಕಿತ್ತಳೆಯತ್ತ ವಾಲುವ ಗ್ಯಾಂಬೋಜ್ ಹಳದಿಯನ್ನು ಸೇರಿಸಿದರೆ ಉಳಿಯುವ ಹಸಿರು ಇನ್ನಷ್ಟು ಕಡಿಮೆ. ಹಾಗಾಗಿ ಮಂಕು.

ಹೊಳೆಯುವ ಹಸಿರು ಬೇಕಿದ್ದರೆ ಎರಡೂ ಬಣ್ಣಗಳು ಹಸಿರಿನ ಕಡೆಗೇ ವಾಲಿರಬೇಕು: ಲೆಮನ್ ಯೆಲ್ಲೋ ಮತ್ತು ಥಾಲೋ ಬ್ಲೂ. ಥಾಲೋ ಸಿಗದಿದ್ದರೆ ಪ್ರಷ್ಯನ್ ಬ್ಲೂ ಸಾಕು. ಥಾಲೋದ ಶಕ್ತಿ ವಿಪರೀತ, ಹಾಗಾಗಿ ಮೊದಲು ಹಳದಿಯನ್ನು ಕರಗಿಸಿಟ್ಟು ಅದಕ್ಕೆ ಬ್ರಷ್ಷಿನ ತುದಿಯಲ್ಲಿ ನೀಲಿಯನ್ನು ಮುಟ್ಟಿಸುತ್ತಾ ಹೋಗಿ. ನೀಲಿಗೆ ಹಳದಿ ಸೇರಿಸಲು ಹೊರಟರೆ ಅರ್ಧ ಟ್ಯೂಬ್ ಹಳದಿ ಖಾಲಿಯಾದರೂ ಬಣ್ಣ ತಿರುಗುವುದಿಲ್ಲ. ಹತ್ತು ಪಾಲು ಹಳದಿಗೆ ಒಂದು ಪಾಲು ನೀಲಿಯಿಂದ ಶುರುಮಾಡಿದರೆ ನಾಟಿಯಾದ ಗದ್ದೆಯ ಎಳೆ ಹಸಿರು ಸಿಗುತ್ತದೆ.

ಇನ್ನು ತೋಟದ ವಿಷಯ. ನೆರಳಿನಲ್ಲಿರುವ ಕಾಫಿ ಗಿಡ ಹೊಳೆಯುವ ಹಸಿರಲ್ಲ. ಅರೇಬಿಕಾ ಎಲೆ ಚಿಕ್ಕದು, ಕಡುಹಸಿರು, ಮೇಲೆ ಎಣ್ಣೆ ಸವರಿದಂಥ ಹೊಳಪು. ರೊಬಸ್ಟಾ ಎಲೆ ದೊಡ್ಡದು, ಸ್ವಲ್ಪ ತಿಳಿ. ಅರೇಬಿಕಾಕ್ಕೆ ಥಾಲೋ ಮತ್ತು ಲೆಮನ್ ಹಸಿರು ಮಾಡಿಕೊಂಡು ಅದಕ್ಕೆ ಚೂರು ಕ್ರಿಮ್ಸನ್ ಸೇರಿಸಿ. ಕೆಂಪು ಹಸಿರಿನ ಎದುರು ಬಣ್ಣವಾದ್ದರಿಂದ ಕಪ್ಪು ಹಾಕದೆಯೇ ಬಣ್ಣ ಆಳಕ್ಕಿಳಿಯುತ್ತದೆ. ಎಲೆಯ ಹೊಳಪಿಗೆ ಬಿಳಿ ಬಣ್ಣ ಬೇಡ. ಕಾಗದವನ್ನು ಹಾಗೇ ಬಿಟ್ಟು, ಒಣಗಿದ ಮೇಲೆ ತೀರಾ ತೆಳುವಾದ ನೀಲಿಯನ್ನು ಒಮ್ಮೆ ಎಳೆಯಿರಿ. ಎಲೆಯ ಮೇಲೆ ಬೀಳುವುದು ಆಕಾಶದ ಬೆಳಕು, ಅದಕ್ಕೆ ನೀಲಿ. ನಿಮಗೆ ಬೇಡವೆನಿಸಿದ ಆ ಮಂಕು ಹಸಿರನ್ನೂ ಎಸೆಯಬೇಡಿ. ದೂರದ ಸಿಲ್ವರ್ ಓಕ್ ಸಾಲಿಗೆ ಅಲ್ಟ್ರಾಮರೀನ್ ಮತ್ತು ಯೆಲ್ಲೋ ಓಕರ್ (ಮಣ್ಣಿನ ಹಳದಿ) ಬೆರೆಸಿದ ಬೂದುಹಸಿರೇ ಸರಿಯಾದದ್ದು.

ಟ್ಯೂಬ್ ಕೊಳ್ಳುವಾಗ ಹೆಸರಿಗಿಂತ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಬಣ್ಣದ ಪುಡಿಯ ಸಂಕೇತ ನೋಡುವುದು ಒಳ್ಳೆಯದು. ಪಿಬಿ29 ಅಂದರೆ ಅಲ್ಟ್ರಾಮರೀನ್, ಪಿಬಿ15 ಥಾಲೋ, ಪಿಬಿ27 ಪ್ರಷ್ಯನ್, ಪಿವೈ3 ತಂಪು ಲೆಮನ್ ಹಳದಿ. ಒಂದೇ ಟ್ಯೂಬಿನ ಮೇಲೆ ಎರಡು ಮೂರು ಸಂಕೇತಗಳಿದ್ದರೆ ಅದು ಆಗಲೇ ಬೆರೆಸಿದ ಬಣ್ಣ. ಅಂಥ ಎರಡನ್ನು ನೀವು ಮತ್ತೆ ಬೆರೆಸಿದರೆ ಒಳಗೆ ಐದಾರು ಪುಡಿಗಳು ಸೇರಿ, ಒಂದೊಂದೂ ಬೆಳಕಿನ ಒಂದೊಂದು ಪಾಲನ್ನು ನುಂಗಿ, ಕೊನೆಗೆ ಕೆಸರು ಉಳಿಯುತ್ತದೆ. 24 ಬಣ್ಣದ ಡಬ್ಬಿಗೆ ಕೊಡುವ ಹಣದಲ್ಲಿ ತಲಾ ಒಂದೇ ಸಂಕೇತವಿರುವ ಏಳು ಟ್ಯೂಬ್ ತೆಗೆದುಕೊಳ್ಳಿ: ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಕಿತ್ತಳೆಯತ್ತ ವಾಲುವ ಸ್ಕಾರ್ಲೆಟ್, ಗುಲಾಬಿಯತ್ತ ವಾಲುವ ಕೆಂಪು, ಅಲ್ಟ್ರಾಮರೀನ್, ಥಾಲೋ, ಬರ್ಂಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು). ಗುಲಾಬಿ ಕೆಂಪಿಗೆ ಪಿವಿ19 ಅಥವಾ ಪಿಆರ್122 ಇರಲಿ. ಹಳೆಯ ಅಲಿಜರಿನ್ ಕ್ರಿಮ್ಸನ್, ಅಂದರೆ ಪಿಆರ್83, ಬೆಳಕಿಗೆ ಮಾಸುತ್ತದೆ.

ಪ್ರಶ್ನೆ: ಜೂನ್ ಬಂತೆಂದರೆ ಬಣ್ಣ ಒಣಗುವುದೇ ಇಲ್ಲ. ಒಂದರ ಮೇಲೊಂದು ಪದರ ಹಚ್ಚಿದರೆ ಹೂಕೋಸಿನಂಥ ಕಲೆ. ಈಚೆಗೆ ಕಾಗದವೇ ಬಣ್ಣವನ್ನು ಚುಕ್ಕೆಚುಕ್ಕೆಯಾಗಿ ಹೀರುತ್ತಿದೆ, ಬಣ್ಣದ ಕೇಕ್‌ಗಳಿಗೆ ಬೂಷ್ಟು ಬಂದಿದೆ. (ಮಡಿಕೇರಿ)

ಉತ್ತರ: ಮೂರೂ ತೊಂದರೆಗೆ ಮೂಲ ಗಾಳಿಯ ತೇವ. ಪರಿಹಾರ ಮಾತ್ರ ಬೇರೆ ಬೇರೆ.

ಹೂಕೋಸಿನ ಕಲೆ ಬರುವುದು ಅರೆ ಒಣಗಿದ ಬಣ್ಣಕ್ಕೆ ಅದಕ್ಕಿಂತ ಹೆಚ್ಚು ನೀರಿರುವ ಬ್ರಷ್ ತಾಗಿದಾಗ. ಹೊಸ ನೀರು ಒಳಗಿನ ಬಣ್ಣವನ್ನು ಅಂಚಿಗೆ ತಳ್ಳಿಕೊಂಡು ಹೋಗಿ ಅಲ್ಲಿ ಬಿಡುತ್ತದೆ. ಬೇಸಗೆಯಲ್ಲಿ ಈ ಅರೆ ಒಣಗಿದ ಸ್ಥಿತಿ ಕೆಲವೇ ನಿಮಿಷ. ಮಳೆಗಾಲದ ಮಡಿಕೇರಿಯಲ್ಲಿ ಅರ್ಧ ಗಂಟೆ ದಾಟಬಹುದು, ಹಾಗಾಗಿ ತಪ್ಪಿಗೆ ಅವಕಾಶವೂ ಅಷ್ಟೇ ದೊಡ್ಡದು. ಕಾಗದದ ಮೇಲಿನ ಹೊಳಪು ಹೋದ ಮಾತ್ರಕ್ಕೆ ಒಣಗಿತೆಂದು ತಿಳಿಯಬೇಡಿ. ಅಂಗೈಯ ಹಿಂಭಾಗವನ್ನು ಮೆಲ್ಲಗೆ ಮುಟ್ಟಿಸಿ ನೋಡಿ: ತಣ್ಣಗಿದ್ದರೆ ಒಳಗೆ ನೀರಿದೆ. ಹೇರ್ ಡ್ರೈಯರ್ ಬಳಸಬಹುದು, ಆದರೆ ಹೊಳಪು ಹೋದ ಮೇಲೆ, ಒಂದು ಗೇಣು ದೂರದಿಂದ, ಕೈಯಾಡಿಸುತ್ತಾ. ಬಣ್ಣದ ನೀರು ಇನ್ನೂ ನಿಂತಿರುವಾಗ ಗಾಳಿ ಬಿಟ್ಟರೆ ಅದು ಒಂದು ಕಡೆಗೆ ಹರಿದು ಗೆರೆ ಕಟ್ಟುತ್ತದೆ.

ಈ ನಿಧಾನವನ್ನೇ ಕೆಲಸಕ್ಕೆ ಹಚ್ಚಿ ಎಂಬುದು ನಮ್ಮ ಸಲಹೆ. ತಡಿಯಂಡಮೋಳ್ ಅಥವಾ ಮಾಂದಲಪಟ್ಟಿಯ ಮಂಜನ್ನು ಬರೆಯಲು ಮಳೆಗಾಲದಷ್ಟು ಹಿತವಾದ ಕಾಲವಿಲ್ಲ. ಕಾಗದವನ್ನು ಎರಡೂ ಬದಿ ಒದ್ದೆ ಮಾಡಿ ಬೋರ್ಡಿಗೆ ಹಾಸಿ, ಅಲ್ಟ್ರಾಮರೀನಿಗೆ ಕಾಲು ಪಾಲು ಬರ್ಂಟ್ ಸಿಯೆನ್ನಾ ಸೇರಿಸಿದ ತಂಪು ಬೂದುಬಣ್ಣವನ್ನು ಬೆಟ್ಟದ ತುದಿಯಿಂದ ಕೆಳಗೆ ತನ್ನಿ. ಬುಡದ ಹತ್ತಿರ ಹಿಂಡಿದ, ಬಣ್ಣವಿಲ್ಲದ ಬ್ರಷ್ಷಿನಿಂದ ಎತ್ತಿಬಿಟ್ಟರೆ ಮಂಜು ತಾನಾಗಿ ಕೂರುತ್ತದೆ. ಮುಂದಿನ ಬೆಟ್ಟದ ಸಾಲಿಗೆ ನೀರು ಕಡಿಮೆ, ಬಣ್ಣ ಹೆಚ್ಚು. ಕೊನೆಯ ಸಾಲಿಗೆ ಮಾತ್ರ ಹಸಿರು ಸೇರಲಿ. ಒಣಗಿದಾಗ ಬಣ್ಣ ಒಂದು ಹಂತ ತಿಳಿಯಾಗುವುದರಿಂದ ಒದ್ದೆಯಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಗಾಢವಾಗಿಯೇ ಹಚ್ಚಿ.

ಚುಕ್ಕೆಚುಕ್ಕೆಯಾಗಿ ಹೀರುವ ಕಾಗದಕ್ಕೆ ಮದ್ದಿಲ್ಲ. ಜಲವರ್ಣದ ಕಾಗದಕ್ಕೆ ತಯಾರಿಕೆಯಲ್ಲೇ ತೆಳುವಾದ ಅಂಟುಲೇಪ ಕೊಟ್ಟಿರುತ್ತಾರೆ. ನೀರನ್ನು ತಕ್ಷಣ ಒಳಗೆ ಬಿಡದೆ ಮೇಲೆಯೇ ತಡೆದಿಡುವುದು ಅದು. ತೇವ ಮತ್ತು ಬೂಷ್ಟು ಅದನ್ನು ತಿಂದುಹಾಕುತ್ತವೆ. ಮೂಲೆಗೆ ಒಂದು ಹನಿ ಬಣ್ಣ ಬಿಟ್ಟು ನೋಡಿ. ಹನಿ ಕ್ಷಣದಲ್ಲಿ ಇಂಗಿ ಕಪ್ಪು ಮಚ್ಚೆಯಾದರೆ ಆ ಹಾಳೆ ಚಿತ್ರಕ್ಕೆ ಆಗದು, ಕೊಲಾಜಿಗೆ ಎತ್ತಿಡಿ. ಮಳೆ ಶುರುವಾಗುವ ಮೊದಲೇ, ಮೇ ತಿಂಗಳ ಒಣ ದಿನದಲ್ಲಿ, ಕಾಗದವನ್ನು ದಪ್ಪ ಪ್ಲಾಸ್ಟಿಕ್ ಕವರಿಗೆ ಸಿಲಿಕಾ ಜೆಲ್ ಸಮೇತ ಹಾಕಿ ಬಾಯಿ ಮುಚ್ಚಿ. ಒದ್ದೆಯಾದ ಮೇಲೆ ಮುಚ್ಚಿದರೆ ತೇವವನ್ನೇ ಒಳಗೆ ಕಟ್ಟಿಟ್ಟಂತೆ. ಹೊರಗೋಡೆಗೆ ತಾಗಿದ ಬೀರು ಬೇಡ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆ ಹಿಡಿದು ಕಾಗದ ಹಳದಿಯಾಗುತ್ತದೆ.

ಬೂಷ್ಟು ಬಂದ ಕೇಕ್ ಎಸೆಯಬೇಕಿಲ್ಲ. ಒಣಗಿದ ಬೂಷ್ಟನ್ನು ಬ್ರಷ್ಷಿನಲ್ಲಿ ಕೊಡವಬೇಡಿ, ಅದು ಉಸಿರಿಗೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಮೇಲಿನ ಪದರವನ್ನು ಚಾಕುವಿನಲ್ಲಿ ಕೆರೆದು, ಸರ್ಜಿಕಲ್ ಸ್ಪಿರಿಟ್ ಹತ್ತಿಯಲ್ಲಿ ಅದ್ದಿ ಸವರಿ. ಕೆಲಸ ಮುಗಿದ ಮೇಲೆ ಡಬ್ಬಿಯನ್ನು ರಾತ್ರಿಯಿಡೀ ತೆರೆದಿಡಿ.

ಪ್ರಶ್ನೆ: ನಮ್ಮ ತೋಟದ ಕೆಂಪು ಮಣ್ಣು, ಅರಿಶಿನ, ಕಾಫಿ ಡಿಕಾಕ್ಷನ್ ಬಳಸಿ ಮನೆಯಲ್ಲೇ ಬಣ್ಣ ಮಾಡಬೇಕೆಂದಿದ್ದೇನೆ. ಬಾಳಿಕೆ ಬರುತ್ತದೆಯೇ? (ಗೋಣಿಕೊಪ್ಪ)

ಉತ್ತರ: ಮೂರರಲ್ಲಿ ಮಣ್ಣೊಂದೇ ನಂಬಿಗಸ್ತ. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ. ಅರಿಶಿನದ ಹಳದಿ ನೋಡಲು ಬಲು ಚೆಂದ, ಆದರೆ ಬೆಳಕಿಗೆ ಬೇಗನೆ ಮಾಸುತ್ತದೆ. ಸುಣ್ಣ ತಾಗಿದರೆ ಕೆಂಪಾಗುತ್ತದೆ ಎಂಬುದು ಓಕುಳಿ ಕಲಸಿದವರಿಗೆಲ್ಲ ಗೊತ್ತು. ಆದ್ದರಿಂದ ಸುಣ್ಣದಂಶ ಇರುವ ಅಗ್ಗದ ಕಾಗದದ ಮೇಲೂ ಅದರ ಬಣ್ಣ ತಿರುಗಬಹುದು. ಕಾಫಿಗೆ ಡಿಕಾಕ್ಷನ್ ತೆಳುವಾಯಿತು. ಒಂದು ಚಮಚ ಇನ್‌ಸ್ಟಂಟ್ ಪುಡಿಗೆ ಒಂದು ಚಮಚ ಬಿಸಿನೀರು ಹಾಕಿದರೆ ಕಡುಕಂದು ಬರುತ್ತದೆ, ಅದಕ್ಕೇ ನೀರು ಹೆಚ್ಚಿಸುತ್ತಾ ಐದಾರು ಛಾಯೆ ಮಾಡಿಕೊಳ್ಳಬಹುದು. ದಪ್ಪವಾಗಿ ಹಚ್ಚಿದ ಕಡೆ ಮಳೆಗಾಲದಲ್ಲಿ ಜಿಗುಟಾಗುತ್ತದೆ. ಶುಭಾಶಯ ಪತ್ರಕ್ಕೆ ಸರಿ, ಗೋಡೆಗೆ ತೂಗುವ ಚಿತ್ರಕ್ಕೆ ಬೇಡ.

ಮಣ್ಣನ್ನು ಎಲ್ಲಿಂದ ತೆಗೆಯುತ್ತೀರಿ ಎಂಬುದು ಮುಖ್ಯ. ಕಾಫಿ, ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಮತ್ತು ಕಳೆನಾಶಕ ಮೇಲ್ಮಣ್ಣಿನಲ್ಲಿ ಉಳಿದಿರುತ್ತವೆ. ಬರೆ ಕಡಿದ ಜಾಗದಲ್ಲಿ ಎರಡು ಮೂರು ಅಡಿ ಆಳದ ಮಣ್ಣು ತೆಗೆಯಿರಿ, ಅರ್ಧ ಕಿಲೋ ಸಾಕು.

ಒಣಗಿಸಿ ಕುಟ್ಟಿ, ಚಹಾ ಜರಡಿಯಲ್ಲಿ ಹಿಡಿದು, ಮೂರು ಲೀಟರ್ ನೀರಿಗೆ ಹಾಕಿ ಚೆನ್ನಾಗಿ ಕಲಕಿ. ಒಂದು ನಿಮಿಷ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ. ಇದನ್ನು ಮೂರು ಸಲ ಮಾಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಿಳಿ ನೀರು ಚೆಲ್ಲಿ, ಉಳಿದ ಕೆಸರನ್ನು ತಟ್ಟೆಯಲ್ಲಿ ಒಣಗಿಸಿ, ಪುಡಿಮಾಡಿ ಮಲ್ ಬಟ್ಟೆಯಲ್ಲಿ ಸೋಸಿ. ಈ ಹಂತದಲ್ಲಿ ಮಾಸ್ಕ್ ಇರಲಿ, ಮಕ್ಕಳು ದೂರವಿರಲಿ. ಹಳದಿ ಮಣ್ಣು ಸಿಕ್ಕಿದರೆ ಅದನ್ನು ಹಳೆಯ ಕಬ್ಬಿಣದ ಬಾಣಲೆಯಲ್ಲಿ ಜೋರು ಉರಿಯಲ್ಲಿ ಹುರಿದು ನೋಡಿ. ಮಣ್ಣಿನೊಳಗಿನ ಕಬ್ಬಿಣದ ಖನಿಜ ನೀರಿನಂಶ ಕಳೆದುಕೊಂಡು ಕೆಂಪಿಗೆ ತಿರುಗುತ್ತದೆ. ನಡುನಡುವೆ ಒಂದೊಂದು ಚಮಚ ತೆಗೆದಿಟ್ಟರೆ ಹಳದಿಯಿಂದ ಇಟ್ಟಿಗೆ ಬಣ್ಣದವರೆಗಿನ ಸಾಲೇ ನಿಮ್ಮದಾಗುತ್ತದೆ.

ಅಂಟಿಗೆ ಅಕೇಶಿಯ ಜಾತಿಯ ಗೋಂದು, ಅಂದರೆ ಗಮ್ ಅರೇಬಿಕ್ ಬೇಕು. ಗೋಂದ್ ಕತೀರಾ ತರಬೇಡಿ, ಅದು ನೀರಿನಲ್ಲಿ ಉಬ್ಬಿ ಲೋಳೆಯಾಗುತ್ತದೆಯೇ ಹೊರತು ಕರಗುವುದಿಲ್ಲ. ಒಂದು ಪಾಲು ಗೋಂದಿನ ಪುಡಿಗೆ ಎರಡು ಪಾಲು ಬಿಸಿನೀರು, ರಾತ್ರಿಯಿಡೀ ನೆನೆಸಿ ಸೋಸಿ. ನಾಲ್ಕು ಚಮಚ ಗೋಂದಿನ ನೀರಿಗೆ ಒಂದು ಚಮಚ ಜೇನು, ಎರಡು ಹನಿ ಲವಂಗದ ಎಣ್ಣೆ. ಜೇನು ಬಣ್ಣ ಬಿರಿಯದಂತೆ ಕಾಯುತ್ತದೆ, ಲವಂಗ ಬೂಷ್ಟನ್ನು ತಡೆಯುತ್ತದೆ. ಒಂದು ಚಮಚ ಮಣ್ಣಿಗೆ ಒಂದು ಚಮಚ ಈ ಅಂಟು ಹಾಕಿ, ಗಾಜಿನ ಹಲಗೆಯ ಮೇಲೆ ಸಪಾಟು ತಳದ ಗಾಜಿನ ಲೋಟದಿಂದ ಕರಕರ ಸದ್ದು ನಿಲ್ಲುವವರೆಗೂ ಅರೆಯಿರಿ. ಇಪ್ಪತ್ತು ನಿಮಿಷ ಹಿಡಿಯುತ್ತದೆ, ಅವಸರ ಮಾಡಿದರೆ ಬಣ್ಣ ಮರಳುಮರಳಾಗುತ್ತದೆ. ಸೋಡಾ ಬಾಟಲಿಯ ಮುಚ್ಚಳಕ್ಕೆ ತೆಳುವಾಗಿ ಮೂರು ಪದರದಲ್ಲಿ, ಒಂದೊಂದನ್ನೂ ಒಣಗಿಸುತ್ತಾ ತುಂಬಿ. ಜನವರಿಯಿಂದ ಮಾರ್ಚ್ ಇದಕ್ಕೆ ಸರಿಯಾದ ಕಾಲ.

ಒಣಗಿದ ಚಿತ್ರವನ್ನು ಬೆರಳಿನಿಂದ ಉಜ್ಜಿದಾಗ ಪುಡಿ ಬಂದರೆ ಗೋಂದು ಸಾಲದು. ಹಚ್ಚಿದ ಕಡೆ ಮಿರಮಿರ ಮಿನುಗಿದರೆ ಗೋಂದು ಜಾಸ್ತಿ. ಮುಚ್ಚಳದಲ್ಲಿ ಬಿರಿದು ಎದ್ದರೆ ಜೇನು ಕಡಿಮೆ ಅಥವಾ ಪದರ ದಪ್ಪ. ವಾರವಾದರೂ ಅಂಟುತ್ತಿದ್ದರೆ ಜೇನು ಹೆಚ್ಚಾಗಿದೆ. ಈ ಕೆಂಪಿಗೆ ಅಲ್ಟ್ರಾಮರೀನ್ ಬೆರೆಸಿ ನೋಡಲೇಬೇಕು: ಮಳೆಮೋಡದ ಬೂದು ಅಷ್ಟು ಸೊಗಸಾಗಿ ಬೇರಾವ ಜೋಡಿಯಲ್ಲೂ ಸಿಗುವುದು ಕಷ್ಟ.

ಪ್ರಶ್ನೆ: ನಾಲ್ಕನೇ ತರಗತಿಯ ಮಕ್ಕಳಿಗೆ ಬಣ್ಣ ಬೆರೆಯುವುದನ್ನು ಕರಕುಶಲದ ಮೂಲಕ ಕಲಿಸಬೇಕು. ಹೆಚ್ಚು ಖರ್ಚಿಲ್ಲದ ಚಟುವಟಿಕೆ ಹೇಳಿ. (ವಿರಾಜಪೇಟೆಯ ಶಿಕ್ಷಕಿ)

ಉತ್ತರ: ಮೊದಲು ಬಣ್ಣವನ್ನು ಬಿಡಿಸಿ ತೋರಿಸಿ, ಆಮೇಲೆ ಬೆರೆಸಿ. ಅಂಗೈಯಗಲದ ಫಿಲ್ಟರ್ ಕಾಗದ ಅಥವಾ ಬ್ಲಾಟಿಂಗ್ ಪೇಪರಿನ ನಡುವೆ ತೂತು ಮಾಡಿ, ಅದರ ಸುತ್ತ ಕಪ್ಪು ಸ್ಕೆಚ್ ಪೆನ್ನಿನಿಂದ ವೃತ್ತ ಎಳೆಯಿರಿ. ಕಾಗದದ ಬತ್ತಿಯೊಂದನ್ನು ತೂತಿಗೆ ತೂರಿಸಿ, ಬತ್ತಿಯ ಬುಡ ಮಾತ್ರ ನೀರಿಗೆ ಮುಳುಗುವಂತೆ ಲೋಟದ ಮೇಲಿಡಿ. ಹತ್ತು ನಿಮಿಷದಲ್ಲಿ ಕಪ್ಪಿನೊಳಗಿಂದ ನೀಲಿ, ಗುಲಾಬಿ, ಹಳದಿ ಹೊರಬರುತ್ತವೆ. ಪರ್ಮನೆಂಟ್ ಮಾರ್ಕರ್ ನೀರಿನಲ್ಲಿ ಕರಗದು, ಅದನ್ನು ತರಬೇಡಿ.

ಎರಡನೆಯದು ಬುಗುರಿ. 8 ಸೆಂ.ಮೀ. ರಟ್ಟಿನ ಬಿಲ್ಲೆಯ ಅರ್ಧಕ್ಕೆ ಹಳದಿ, ಅರ್ಧಕ್ಕೆ ನೀಲಿ ಹಚ್ಚಿ, ಸರಿಯಾಗಿ ನಡುವೆ ಚೂಪು ಕಡ್ಡಿ ಚುಚ್ಚಿ ತಿರುಗಿಸಲಿ. ಮಕ್ಕಳೆಲ್ಲ ಹಸಿರು ಎಂದು ಕೂಗಲು ಕಾದಿರುತ್ತಾರೆ, ಕಾಣುವುದು ಬೂದು! ತಟ್ಟೆಯಲ್ಲಿ ಬೆರೆತ ಬಣ್ಣಗಳು ಒಂದರ ಬೆಳಕನ್ನು ಇನ್ನೊಂದು ನುಂಗುತ್ತವೆ. ಬುಗುರಿಯಲ್ಲಿ ಎರಡೂ ಬೆಳಕು ಪೂರ್ತಿಯಾಗಿ ಕಣ್ಣಿಗೆ ಬಂದು ಅಲ್ಲಿ ಬೆರೆಯುತ್ತವೆ. ಈ ವ್ಯತ್ಯಾಸವನ್ನು ಚಿಕ್ಕ ವಯಸ್ಸಿನಲ್ಲೇ ಕಂಡ ಮಗುವಿಗೆ ಮುಂದೆ ಬಣ್ಣದ ಚಕ್ರ ಬಾಯಿಪಾಠ ಮಾಡಬೇಕಾಗಿ ಬರದು. ಬಿಲ್ಲೆ ವಾಲಿದರೆ ಕಡ್ಡಿ ನಡುವಿನಲ್ಲಿಲ್ಲ ಎಂದರ್ಥ.

ಬಣ್ಣ ಬೆರೆಸಿ ನೋಡಿದ ತೆಳು ಹಾಳೆಗಳನ್ನು ಮಣಿ ಮಾಡಿ. ಬುಡ 2 ಸೆಂ.ಮೀ., ಉದ್ದ 25 ಸೆಂ.ಮೀ. ಇರುವ ತ್ರಿಕೋನ ಪಟ್ಟಿಯನ್ನು ಅಗಲದ ಕಡೆಯಿಂದ ಹಲ್ಲುಕಡ್ಡಿಗೆ ಬಿಗಿಯಾಗಿ ಸುತ್ತಿ ತುದಿಗೆ ಅಂಟು. ಅಂಟನ್ನು ಬಣ್ಣವಿಲ್ಲದ ಬದಿಗೇ ಹಚ್ಚಬೇಕು, ಇಲ್ಲವಾದರೆ ಅದರ ನೀರಿಗೆ ಜಲವರ್ಣ ಕದಡುತ್ತದೆ. ಅದೇ ಕಾರಣಕ್ಕೆ ಮೇಲ್ಲೇಪಕ್ಕೂ ಫೆವಿಕಾಲ್ ಬೇಡ, ಎಣ್ಣೆ ವಾರ್ನಿಶ್ ಇರಲಿ, ಅದನ್ನು ದೊಡ್ಡವರೇ ಹಚ್ಚಲಿ.

ಪ್ರಶ್ನೆ: ಹುತ್ತರಿ ಕೋಲಾಟದ ಚಿತ್ರದಲ್ಲಿ ಕಪ್ಪು ಕುಪ್ಯ (ಕೊಡವ ಗಂಡಸರ ನಿಲುವಂಗಿ) ಇದ್ದಿಲ ಮುದ್ದೆಯಂತೆ ಕಾಣುತ್ತದೆ, ಸೊಂಟಕ್ಕೆ ಕಟ್ಟುವ ಕೆಂಪು ಚೇಲೆ ಅದರೊಳಗೆ ಹರಡುತ್ತದೆ. (ಪೊನ್ನಂಪೇಟೆ)

ಉತ್ತರ: ಟ್ಯೂಬಿನ ಕಪ್ಪು ಬಿಡಿ. ಎರಡು ಪಾಲು ಅಲ್ಟ್ರಾಮರೀನ್, ಒಂದು ಪಾಲು ಬರ್ಂಟ್ ಸಿಯೆನ್ನಾ, ನೀರು ಕಡಿಮೆ. ಬೆಳಕು ಬೀಳುವ ಹೆಗಲಿನ ಕಡೆ ನೀಲಿ ಹೆಚ್ಚಿರಲಿ, ಮಡಿಕೆಯೊಳಗೆ ಕಂದು ಹೆಚ್ಚಿರಲಿ. ಚೇಲೆಯ ಜಾಗವನ್ನು ಖಾಲಿ ಬಿಟ್ಟು ಕಪ್ಪು ಪೂರ್ತಿ ಒಣಗಿದ ಮೇಲೆ ಸ್ಕಾರ್ಲೆಟ್ ತುಂಬಿ, ನೆರಳಿಗೆ ಗುಲಾಬಿ ಕೆಂಪು. ಜರಿಗೆ ಚಿನ್ನದ ಬಣ್ಣ ಬೇಕಿಲ್ಲ: ಯೆಲ್ಲೋ ಓಕರ್ ಹಚ್ಚಿ, ಒಣಗಿದ ಮೇಲೆ ಅಲ್ಲಲ್ಲಿ ಬರ್ಂಟ್ ಸಿಯೆನ್ನಾದ ಗೆರೆ ಎಳೆಯಿರಿ. ಮದುಮಗನ ಬಿಳಿ ಕುಪ್ಯ ಬರೆಯುವುದಾದರೆ ಇದೇ ಕಪ್ಪು ಮಿಶ್ರಣಕ್ಕೆ ಹತ್ತು ಪಟ್ಟು ನೀರು ಸೇರಿಸಿ ಮಡಿಕೆಗಳಿಗಷ್ಟೇ ಹಚ್ಚಿ, ಉಳಿದದ್ದಕ್ಕೆ ಕಾಗದದ ಬಿಳಿಯೇ ಸಾಕು.