ಲಂಡನ್ನಿನ ಟ್ರಾಲಿಬಸ್ ನೆನೆಯುವವರೆಲ್ಲ ಬಿದಿರಿನ ಗಳದ ಮಾತು ತೆಗೆಯುವುದೇಕೆ?

ಟ್ರಾಲಿಬಸ್ ಅಂದರೆ ರಸ್ತೆಯ ಮೇಲೆ ಎಳೆದ ವಿದ್ಯುತ್ ತಂತಿಯಿಂದ ಕರೆಂಟ್ ಪಡೆದು ಓಡುವ ಬಸ್ಸು. ತಂತಿಯನ್ನು ಮುಟ್ಟುವ ಅದರ ಮೇಲಿನ ಕೋಲುಗಳು ಆಗಾಗ ಜಾರುತ್ತಿದ್ದವು. ಅವನ್ನು ಮತ್ತೆ ತಂತಿಗೆ ಕೂರಿಸಲು ಬಳಸುತ್ತಿದ್ದದ್ದೇ ಆ ಗಳ.

ಟ್ರಾಮ್ ಆದರೆ ಮೇಲಿನ ಒಂದು ತಂತಿಯಿಂದ ಕರೆಂಟ್ ಪಡೆದು, ಹಳಿಯ ಮೂಲಕ ವಾಪಸ್ ಕಳಿಸುತ್ತದೆ. ಟ್ರಾಲಿಬಸ್ಸಿಗೆ ಹಳಿ ಎಲ್ಲಿದೆ? ಕೆಳಗಿರುವುದು ರಬ್ಬರ್ ಟೈರು. ಹಾಗಾಗಿ ಕರೆಂಟ್ ಬರಲು ಒಂದು ತಂತಿ, ಹೋಗಲು ಇನ್ನೊಂದು, ಎರಡಕ್ಕೂ ಒಂದೊಂದು ಕೋಲು. ಸ್ಪ್ರಿಂಗ್ ಆ ಕೋಲುಗಳನ್ನು ಕೆಳಗಿನಿಂದ ತಂತಿಗೆ ಒತ್ತಿ ಹಿಡಿಯುತ್ತದೆ, ಅಷ್ಟೇ. ತಿರುವಿನಲ್ಲಿ ಸ್ವಲ್ಪ ಜಾಸ್ತಿ ವೇಗವಾದರೂ ಕೋಲು ಜಾರಿ ಮೇಲಕ್ಕೆ ಚಿಮ್ಮುತ್ತಿತ್ತು, ಬಸ್ಸು ನಿಂತುಬಿಡುತ್ತಿತ್ತು. ಆಗ ಬಸ್ಸಿನ ಅಡಿಯ ಕೊಳವೆಯಿಂದ ಉದ್ದನೆಯ ಗಳ ಹೊರಗೆಳೆದು, ಅದರ ತುದಿಯ ಕೊಕ್ಕೆಯಿಂದ ಕೋಲನ್ನು ಹಿಡಿದು ತಂತಿಗೆ ಸೇರಿಸಬೇಕಿತ್ತು. ಒಣಗಿದ ಬಿದಿರಿನಲ್ಲಿ ಕರೆಂಟ್ ಸುಲಭವಾಗಿ ಹರಿಯುವುದಿಲ್ಲ, ತೂಕವೂ ಕಡಿಮೆ. ನಡುರಸ್ತೆಯಲ್ಲಿ, ಎಲ್ಲರ ಕಣ್ಣೆದುರು ನಡೆಯುತ್ತಿದ್ದ ಕೆಲಸ. ಮಕ್ಕಳ ಮನಸ್ಸಿನಲ್ಲಿ ಉಳಿಯದೇ ಇರುತ್ತದಾ?

ಗಳದಷ್ಟೇ ನೆನಪಿನಲ್ಲಿ ಉಳಿದದ್ದು ಆ ಬಸ್ಸಿನ ಮೌನ. ಎಂಜಿನ್ ಇಲ್ಲ, ಹೊಗೆ ಇಲ್ಲ, ಏರು ರಸ್ತೆಯಲ್ಲೂ ಮೋಟರ್ ಸಲೀಸಾಗಿ ಎಳೆಯುತ್ತಿತ್ತು. ಇಷ್ಟು ಒಳ್ಳೆಯ ಬಸ್ಸು ಹೋಯಿತಲ್ಲ ಎಂದು ನನಗೆ ಇವತ್ತಿಗೂ ಬೇಸರವಾಗುತ್ತದೆ.

1931ರಲ್ಲಿ ಟ್ವಿಕನ್‌ಹ್ಯಾಮ್ ಕಡೆ ಶುರುವಾದ ಈ ಜಾಲ ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದಾಗಿತ್ತು. ತಂತಿಗೆ ಕಟ್ಟುಬೀಳದ ಡೀಸೆಲ್ ಬಸ್ಸುಗಳು ಅದರ ಜಾಗಕ್ಕೆ ಬಂದವು. 1962ರ ಮೇ 8ರಂದು ಕೊನೆಯ ಓಡಾಟ ನಡೆಯಿತು.