ನವೆಂಬರ್‌ನಲ್ಲಿ ಬರ್ತಿದ್ದೀಯ, ಒಳ್ಳೇದೇ ಆಯ್ತು

ತಮ್ಮಾ, ನಿನ್ನ ಪ್ರಶ್ನೆ ಓದಿದ ತಕ್ಷಣ ನನ್ನ ಮೊದಲ ಚಳಿಗಾಲ ನೆನಪಿಗೆ ಬಂತು. ದಾವಣಗೆರೆ ಹುಡುಗ, ಬೆಂಗಳೂರಿನಲ್ಲಿ ಆರು ವರ್ಷ ಇದ್ದವನು, ನವೆಂಬರ್ ಮೊದಲ ವಾರ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬರುತ್ತಿದ್ದೀಯ. ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಕೆಲಸ. "ಅಕ್ಕಾ, ಆ ಊರು ಸಪ್ಪೆ ಅಂತ ಎಲ್ಲರೂ ಹೇಳ್ತಾರೆ. ಸಂಜೆ ಆದ ಮೇಲೆ ಏನಾದರೂ ಇರುತ್ತಾ? ನೋಡೋಕೆ ಏನಿದೆ? ಒಬ್ಬನೇ ಇದ್ದರೆ ಬೇಜಾರಾಗುತ್ತಾ?" ಅಂತ ಕೇಳಿದ್ದೀಯ.

ಬೇಜಾರಾಗುತ್ತೆ. ಅದನ್ನು ಮುಚ್ಚಿಡುವುದಿಲ್ಲ. ನಾನು ಬಂದದ್ದು 2014ರಲ್ಲಿ, ಸಾಗರದ ಹತ್ತಿರದ ಹಳ್ಳಿಯಿಂದ ಬೆಂಗಳೂರು, ಅಲ್ಲಿಂದ ಇಲ್ಲಿ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಿದ್ದ. ಚಳಿಗಾಲದಲ್ಲಿ ನಮ್ಮೂರಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಆಫೀಸು ಮುಗಿಸಿ ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡೋಣ ಅಂದರೆ ಅಲ್ಲಿ ರಾತ್ರಿ ಹನ್ನೊಂದು. ಎಲ್ಲರೂ ಮಲಗಿರುತ್ತಿದ್ದರು. ನಾನು ಕರ್ಟನ್ ಎಳೆದು ಹೀಟರ್ ಪಕ್ಕ ಕೂತು ಮೂರು ತಿಂಗಳು ಕಳೆದೆ. ಹೊರಗೆ ಕತ್ತಲೆ, ಮಳೆ, ಇನ್ನೇನು ಮಾಡೋದು ಅನ್ನುವುದು ನನ್ನ ಲೆಕ್ಕ. ಆ ಲೆಕ್ಕ ತಪ್ಪು. ಈ ಊರನ್ನು ನೋಡಬೇಕಾದದ್ದೇ ಕತ್ತಲಲ್ಲಿ.

ಹಗಲಲ್ಲಿ ನೋಡಿದವರಿಗೆ ಇದು ಅಷ್ಟೇನೂ ಚೆಂದ ಕಾಣುವುದಿಲ್ಲ, ನಿಜ. ಆಮ್ಸ್ಟರ್‌ಡ್ಯಾಮ್ ಥರ ಕಾಲುವೆ, ಹಳೇ ಮನೆಗಳ ಸಾಲು ಇಲ್ಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಊರಿನ ನಡುಭಾಗ ತುಂಬಾ ಹಾಳಾಯಿತು. ಈಗಿರುವುದು ಹೆಚ್ಚಾಗಿ ಆಮೇಲೆ ಕಟ್ಟಿದ್ದು. ಜನ ಸುಮಾರು ಎರಡೂವರೆ ಲಕ್ಷ, ಅಂದರೆ ನಿಮ್ಮ ದಾವಣಗೆರೆಗಿಂತ ಚಿಕ್ಕದು. ಆದರೆ ಇದು ಬಲ್ಬ್‌ನಿಂದ ಬೆಳೆದ ಊರು. 1891ರಲ್ಲಿ ಫಿಲಿಪ್ಸ್ ಕಂಪನಿ ಶುರುವಾದದ್ದು ಇಲ್ಲಿ. ಎಮ್ಮಾಸಿಂಗೆಲ್ ಬೀದಿಯಲ್ಲಿ ಆ ಮೊದಲ ಕಾರ್ಖಾನೆ ಇನ್ನೂ ಇದೆ, ಈಗ ಮ್ಯೂಸಿಯಂ. ಅದರ ಹತ್ತಿರವೇ ಬಿಳಿ ಬಣ್ಣದ ಉದ್ದನೆಯ ಕಟ್ಟಡವನ್ನು 'ಬಿಳಿ ಹೆಂಗಸು' ಅಂತ ಕರೆಯುತ್ತಾರೆ, ಡಚ್ಚಿನಲ್ಲಿ ವಿಟ್ಟೆ ಡಾಮೆ. ಅದೂ ಫಿಲಿಪ್ಸ್ ಕಾರ್ಖಾನೆಯೇ ಆಗಿತ್ತು. ಪಕ್ಕದಲ್ಲಿ ಲಿಖ್ಟ್‌ಟೋರನ್ ಅನ್ನುವ ಗೋಪುರ. ಬಲ್ಬ್ ಎಷ್ಟು ಹೊತ್ತು ಉರಿಯುತ್ತದೆ ಅಂತ ಪರೀಕ್ಷೆ ಮಾಡಲು ಅಲ್ಲಿ ದೀಪಗಳನ್ನು ಹಚ್ಚೇ ಇಡುತ್ತಿದ್ದರಂತೆ. ರಾತ್ರಿಯಿಡೀ ಬೆಳಗುವ ಗೋಪುರದ ಕೆಳಗೆ ಬೆಳೆದ ಮಕ್ಕಳನ್ನು ಸುಮ್ನೆ ಊಹಿಸಿಕೋ.

ನೀನು ಬರುವ ಹೊತ್ತು ತುಂಬಾ ಚೆನ್ನಾಗಿದೆ. ನವೆಂಬರ್‌ನಲ್ಲಿ ಒಂದು ವಾರ ಗ್ಲೋ ಅಂತ ದೀಪದ ಹಬ್ಬ ನಡೆಯುತ್ತದೆ, 2006ರಿಂದ. ಕಲಾವಿದರು ಚರ್ಚ್ ಗೋಡೆ, ಮರ, ಡೊಮೆಲ್ ನದಿಯ ನೀರು ಎಲ್ಲದರ ಮೇಲೂ ಬೆಳಕು ಆಡಿಸುತ್ತಾರೆ. ಜನ ಜಾಕೆಟ್ ಹಾಕಿಕೊಂಡು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ದಾರಿಯಲ್ಲಿ ಮೆಲ್ಲಗೆ ನಡೆಯುತ್ತಾರೆ. ನನಗೆ ಅದು ನಮ್ಮೂರ ಕಾರ್ತಿಕದ ದೀಪೋತ್ಸವದ ಹಾಗೇ ಅನಿಸುತ್ತದೆ. ಮೊದಲ ವರ್ಷ ಇದು ಗೊತ್ತಿಲ್ಲದೆ ದೀಪಾವಳಿಯ ಸಂಕಟದಲ್ಲಿ ಮನೆಯೊಳಗೇ ಕೂತಿದ್ದೆ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ. ಇನ್ನೊಂದು ದೀಪದ ದಾರಿ ಸೆಪ್ಟೆಂಬರ್‌ನಲ್ಲಿ, ಅದು ನಿನಗೆ ಮುಂದಿನ ವರ್ಷ ಸಿಗುತ್ತದೆ. 1944ರ ಸೆಪ್ಟೆಂಬರ್ 18ಕ್ಕೆ ಈ ಊರು ಜರ್ಮನ್ನರಿಂದ ಬಿಡುಗಡೆ ಆಯಿತು. ಆ ದಿನದ ನೆನಪಿಗೆ ಬೀದಿಬೀದಿಯಲ್ಲಿ ಬಣ್ಣದ ದೀಪದ ಚಿತ್ರಗಳನ್ನು ಕಟ್ಟುತ್ತಾರೆ. ದಾರಿ ಇಪ್ಪತ್ತು ಕಿಲೋಮೀಟರ್‌ಗಿಂತ ಜಾಸ್ತಿ, ಸೈಕಲ್‌ನಲ್ಲೇ ನೋಡಬೇಕು.

ಸೈಕಲ್ ಅಂದೆ ಅಲ್ವಾ. ಬಂದ ವಾರದಲ್ಲೇ ಒಂದು ಸೆಕೆಂಡ್‌ಹ್ಯಾಂಡ್ ಸೈಕಲ್ ತಗೋ. ಬೀಗ ಎರಡು ಬೇಕು, ಒಂದು ಚಕ್ರಕ್ಕೆ, ಇನ್ನೊಂದು ದಪ್ಪ ಸರಪಳಿಯದ್ದು ಕಂಬಕ್ಕೆ. ಮುಂದೆ ಬಿಳಿ ಲೈಟು, ಹಿಂದೆ ಕೆಂಪು. ಲೈಟಿಲ್ಲದೆ ಓಡಿಸಿದರೆ ಪೊಲೀಸರು ದಂಡ ಹಾಕುತ್ತಾರೆ. ಮಳೆ ಬರುತ್ತಿದೆ ಅಂತ ನಿಲ್ಲಬೇಡ, ಒಳ್ಳೆ ರೇನ್‌ಕೋಟು, ರೇನ್ ಪ್ಯಾಂಟು ತಗೋ. ಇಲ್ಲಿ ಅಜ್ಜಿಯರೂ ಮಳೆಯಲ್ಲೇ ಹೋಗುತ್ತಾರೆ.

ನಿನ್ನ ಆಫೀಸಿನ ಕಡೆ ಹೋಗುವ ದಾರಿಯಲ್ಲೇ ಹೋವನ್‌ರಿಂಗ್ ಇದೆ. ಕೆಳಗೆ ಕಾರುಗಳ ಸರ್ಕಲ್, ಮೇಲೆ ಗಾಳಿಯಲ್ಲಿ ತೂಗುವ ದುಂಡನೆಯ ಸೇತುವೆ, ಅದು ಬರೀ ಸೈಕಲ್‌ನವರಿಗೆ. ನಡುವೆ 70 ಮೀಟರ್ ಎತ್ತರದ ಒಂದೇ ಕಂಬ, ಅದರಿಂದ 24 ಉಕ್ಕಿನ ಹಗ್ಗಗಳು ಇಡೀ ಸೇತುವೆಯನ್ನು ಹಿಡಿದಿವೆ. 2012ರಲ್ಲಿ ತೆರೆದದ್ದು. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ನಿಂತು ಬಂದ ನಮ್ಮಂಥವರು ಅಲ್ಲಿ ಒಂದು ಸಲ ಸಂಜೆ ಸುತ್ತು ಹಾಕಲೇಬೇಕು. ಸೈಕಲ್‌ನವನಿಗಾಗಿ ಇಷ್ಟು ಮರ್ಯಾದೆಯಿಂದ ಕಟ್ಟಿದ್ದಾರಲ್ಲ ಅಂತ ನನಗೆ ಮೊದಲ ಸಲ ಕಣ್ಣು ತುಂಬಿ ಬಂತು.

ಇನ್ನೊಂದು ದಾರಿ ನ್ಯೂನೆನ್ ಕಡೆಗೆ. ವ್ಯಾನ್ ಗಾಗ್ 1883ರಿಂದ 1885ರವರೆಗೆ ಆ ಹಳ್ಳಿಯಲ್ಲಿದ್ದ. ಆಲೂಗಡ್ಡೆ ತಿನ್ನುವ ಬಡ ರೈತ ಕುಟುಂಬದ ಆ ಹೆಸರಾಂತ ಚಿತ್ರ ಬರೆದದ್ದು ಅಲ್ಲೇ. ಅವನ ನೆನಪಿಗೆ ಸೈಕಲ್ ದಾರಿಯ ಒಂದು ತುಂಡಿಗೆ ಹೊಳೆಯುವ ಸಾವಿರಾರು ಹರಳುಕಲ್ಲು ಕೂರಿಸಿದ್ದಾರೆ. ಹಗಲಲ್ಲಿ ಬೆಳಕು ಕುಡಿದು ರಾತ್ರಿ ಹಸಿರು, ನೀಲಿಯಾಗಿ ಸುಳಿಸುಳಿಯಾಗಿ ಮಿನುಗುತ್ತವೆ. ನಾನು ಬಂದ ವರ್ಷದ ನವೆಂಬರ್‌ನಲ್ಲೇ ಅದನ್ನು ತೆರೆದರು. ನಾನು ನೋಡಿದ್ದು ಮಾತ್ರ ಎರಡು ವರ್ಷ ಬಿಟ್ಟು. ಮಲೆನಾಡಿನಲ್ಲಿ ಮಳೆ ಶುರುವಾಗುವ ಮುಂಚೆ ಮರದ ತುಂಬಾ ಮಿಂಚುಹುಳ ಕೂರುತ್ತವೆ ನೋಡು, ಅದು ನೆನಪಾಗಿ ಅಲ್ಲೇ ಸೈಕಲ್ ನಿಲ್ಲಿಸಿ ತುಂಬಾ ಹೊತ್ತು ನಿಂತಿದ್ದೆ.

ಈಗ ನೈಟ್‌ಲೈಫ್ ಬಗ್ಗೆ. ಸ್ಟ್ರಾಟುಮ್ಸೆಯಿಂಡ್ ಅಂತ ಒಂದು ಬೀದಿ ಇದೆ, ಉದ್ದಕ್ಕೂ ಬರೀ ಪಬ್‌ಗಳು. ಶುಕ್ರವಾರ, ಶನಿವಾರ ರಾತ್ರಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಸಲ ಹೋಗಿ ನೋಡು. ನಿನ್ನ ವಯಸ್ಸಿಗೆ ಇಷ್ಟ ಆದರೂ ಆಗಬಹುದು. ನನಗೆ ಆ ಗಲಾಟೆ ಹಿಡಿಸಲಿಲ್ಲ. ನನ್ನ ಇಷ್ಟದ ಜಾಗ ಕ್ಲೈನೆ ಬೆರ್ಗ್ ಬೀದಿ. ಚಿಕ್ಕ ಚಿಕ್ಕ ಹೋಟೆಲ್, ಮೇಜಿನ ಮೇಲೆ ಮೇಣದ ಬತ್ತಿ, ಕೂತು ಮಾತಾಡಬಹುದು. ಕುಡಿಯದವನು ಅಂತ ಸಂಕೋಚ ಬೇಡ. 'ಮುಂಟ್‌ಥೇ' ಕೇಳು. ದೊಡ್ಡ ಗಾಜಿನ ಲೋಟದಲ್ಲಿ ಬಿಸಿನೀರು, ಅದರಲ್ಲಿ ಹಸಿ ಪುದೀನದ ಕಡ್ಡಿಗಳು, ಪಕ್ಕದಲ್ಲಿ ಜೇನುತುಪ್ಪ ಕೊಡುತ್ತಾರೆ. ಅದನ್ನೇ ಇಟ್ಟುಕೊಂಡು ಎರಡು ಗಂಟೆ ಕೂತರೂ ಯಾರೂ ಏಳು ಅನ್ನುವುದಿಲ್ಲ. ಸಂಗೀತ ಇಷ್ಟ ಇದ್ದರೆ ಡೊಮೆಲ್‌ಸ್ಟ್ರಾಟ್‌ನಲ್ಲಿ ಎಫೆನಾರ್ ಇದೆ. ಎಪ್ಪತ್ತರ ದಶಕದ ಶುರುವಿನಲ್ಲಿ ಹುಡುಗ ಹುಡುಗಿಯರ ಅಡ್ಡೆಯಾಗಿ ಹುಟ್ಟಿ ಈಗ ದೊಡ್ಡ ಸಂಗೀತದ ಜಾಗ ಆಗಿದೆ. ಹೆಸರು ಕೇಳದ ಬ್ಯಾಂಡ್‌ಗೆ ಟಿಕೆಟ್ ತಗೊಂಡು ಒಬ್ಬನೇ ಹೋಗು. ಇಲ್ಲಿ ಒಬ್ಬರೇ ಬಂದವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಸ್ಟ್ರೈಪ್-ಎಸ್ ಕಡೆಗೂ ಹೋಗು. ಅದು ಫಿಲಿಪ್ಸ್‌ನ ಕಾರ್ಖಾನೆಗಳಿದ್ದ ಜಾಗ. ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ, ಅದಕ್ಕೇ ಊರಿನವರು 'ನಿಷೇಧಿತ ನಗರ' ಅನ್ನುತ್ತಿದ್ದರು. ಈಗ ಆ ಕಾರ್ಖಾನೆಗಳಲ್ಲೇ ಮನೆ, ಸಿನಿಮಾ, ಕಾಫಿ ಅಂಗಡಿ, ಸ್ಟುಡಿಯೋ. ಅಲ್ಲೊಂದು 19 ಮಹಡಿಯ ಕಟ್ಟಡ, ಬಾಲ್ಕನಿಗಳಲ್ಲಿ 125 ಮರಗಳು. ಶ್ರೀಮಂತರದ್ದು ಅಂದುಕೊಳ್ಳಬೇಡ, ಕಡಿಮೆ ಬಾಡಿಗೆಗೆ ಕೊಡುವ ಮನೆಗಳು ಅವು. ನನಗೆ ಈ ಊರಿನ ಮೇಲೆ ಗೌರವ ಹುಟ್ಟಿಸಿದ ಸಂಗತಿಗಳಲ್ಲಿ ಇದೂ ಒಂದು.

ಊಟದ ವಿಷಯ ನೀನು ಕೇಳಲಿಲ್ಲ, ಆದರೆ ಅದೇ ದೊಡ್ಡ ಚಿಂತೆ ಅಂತ ನನಗೆ ಗೊತ್ತು. ಬೇಳೆ, ಅಕ್ಕಿ, ಕರಿಬೇವು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ, ಅದು ಬಿಡು. ನೀನು ಹುಡುಕಬೇಕಾದದ್ದು ಸುರಿನಾಮಿನವರ ಅಂಗಡಿ. ಸುರಿನಾಮ್ ಅಂದರೆ ದಕ್ಷಿಣ ಅಮೆರಿಕದಲ್ಲಿ ಮೊದಲು ಡಚ್ಚರು ಆಳುತ್ತಿದ್ದ ಒಂದು ಚಿಕ್ಕ ದೇಶ. ಅಲ್ಲಿ ಬಾರಾ ಅಂತ ಒಂದು ತಿಂಡಿ ಇದೆ. ಉದ್ದಿನ ಹಿಟ್ಟು, ಜೀರಿಗೆ, ಬೆಳ್ಳುಳ್ಳಿ, ಕೆಸುವಿನಂಥ ಸೊಪ್ಪು ಹಾಕಿ ಕರಿದದ್ದು, ನಡುವೆ ತೂತು. ಮೊದಲ ತುತ್ತಿಗೇ "ಅಯ್ಯೋ, ಇದು ನಮ್ಮ ಉದ್ದಿನ ವಡೆ" ಅಂದೆ. 1873ರಿಂದ ಉತ್ತರ ಭಾರತದ ಕೂಲಿಗಳನ್ನು ಹಡಗಿನಲ್ಲಿ ಸುರಿನಾಮಿಗೆ ಕರೆದೊಯ್ದರು, ಕಬ್ಬಿನ ತೋಟಕ್ಕೆ. ಅವರ ಮೊಮ್ಮಕ್ಕಳು, ಮರಿಮಕ್ಕಳು 1975ರಲ್ಲಿ ಸುರಿನಾಮಿಗೆ ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಇಲ್ಲಿಗೆ ಬಂದರು. ಎರಡು ಸಮುದ್ರ ದಾಟಿಯೂ ಉದ್ದು ಅವರ ಕೈ ಬಿಟ್ಟಿಲ್ಲ. ಅದೇ ಅಂಗಡಿಗಳಲ್ಲಿ ಹಾಗಲಕಾಯಿ, ಬೆಂಡೆ, ಮೊಳದುದ್ದದ ಅಲಸಂದೆ ಕೋಡು ಎಲ್ಲ ಇರುತ್ತವೆ. ಸಸ್ಯಾಹಾರಿ ಆಗಿದ್ದರೆ ಇಲ್ಲಿನ ಸ್ನ್ಯಾಕ್ ಬಾರ್‌ಗಳಲ್ಲಿ 'ಕಾಸ್‌ಸೂಫ್ಲೆ' ಕೇಳು, ಒಳಗೆ ಚೀಸ್ ತುಂಬಿ ಕರಿದದ್ದು. ಕರಿಯುವ ಎಣ್ಣೆ ಮಾತ್ರ ಬೇರೆ ಇರುವುದಿಲ್ಲ, ಅದು ಗೊತ್ತಿರಲಿ.

ಕೆಲವು ವಿಚಿತ್ರಗಳನ್ನು ಮುಂಚೆಯೇ ಹೇಳಿಬಿಡುತ್ತೇನೆ. ನಾನು ಬಂದ ಮೊದಲ ತಿಂಗಳು ಒಂದು ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಊರೆಲ್ಲ ಸೈರನ್ ಕೂಗಿತು. ಯುದ್ಧವೇ ಬಂತು ಅಂತ ಬ್ಯಾಗ್ ಹಿಡಿದು ಎದ್ದು ನಿಂತೆ. ಪಕ್ಕದವಳು ಬ್ರೆಡ್ ತಿನ್ನುತ್ತಲೇ ಇದ್ದಳು. ತಿಂಗಳ ಮೊದಲ ಸೋಮವಾರ ಸೈರನ್ ಪರೀಕ್ಷೆ ಅಂತೆ. ಯಾರಾದರೂ ಹುಟ್ಟುಹಬ್ಬಕ್ಕೆ ಕರೆದರೆ ಹುಟ್ಟಿದವರಿಗೆ ಮಾತ್ರ ಅಲ್ಲ, ಅವರ ಅಮ್ಮ, ಗಂಡ, ಅಕ್ಕ ಎಲ್ಲರಿಗೂ ಕೈ ಕುಲುಕಿ ಅಭಿನಂದನೆ ಹೇಳಬೇಕು. ಆಮೇಲೆ ಎಲ್ಲರೂ ಕುರ್ಚಿ ಹಾಕಿಕೊಂಡು ದುಂಡಗೆ ಕೂರುತ್ತಾರೆ. ನಿನ್ನ ಹುಟ್ಟುಹಬ್ಬಕ್ಕೆ ಆಫೀಸಿಗೆ ಕೇಕ್ ತರಬೇಕಾದವನು ನೀನೇ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಾರ್ನಿವಲ್ ಬರುತ್ತದೆ. ಆಗ ಈ ಊರಿನ ಹೆಸರೇ ಬದಲಾಗಿ ಲಾಂಪೆಗಾಟ್ ಆಗುತ್ತದೆ, ಲ್ಯಾಂಪಿನ ಊರು ಅನ್ನೋಣ. ಬ್ಯಾಂಕಿನ ಮ್ಯಾನೇಜರೂ ವೇಷ ಹಾಕಿಕೊಂಡು ಬೀದಿಗೆ ಬರುತ್ತಾನೆ. ನಮ್ಮ ಹಗಲುವೇಷದವರು ನೆನಪಾಗುತ್ತಾರೆ.

ಮತ್ತೆ ಕ್ರಿಂಗ್‌ಲೋಪ್. ಜನ ಬೇಡವಾದ ಸಾಮಾನು ಕೊಟ್ಟುಹೋಗುವ ಅಂಗಡಿ. ಮನೆಗೆ ಬೇಕಾದ ಮೇಜು, ಪಾತ್ರೆ, ದೀಪ ಮೊದಲು ಅಲ್ಲಿ ನೋಡು, ಆಮೇಲೆ ಹೊಸದು. ನನಗೆ ಅಲ್ಲಿ 12 ಯೂರೋಗೆ ಒಂದು ಹಳೇ ಫಿಲಿಪ್ಸ್ ರೇಡಿಯೋ ಸಿಕ್ಕಿತು. ನಮ್ಮ ಅಜ್ಜನ ಮನೆಯ ಜಗುಲಿಯಲ್ಲಿ ಅದೇ ಕಂಪನಿಯ ರೇಡಿಯೋ ಇತ್ತು, ಭದ್ರಾವತಿ ಆಕಾಶವಾಣಿ ಹಚ್ಚಿಕೊಂಡು ಅಡಿಕೆ ಸುಲಿಯುತ್ತಿದ್ದರು. ಆ ಹೆಸರು ಎಲ್ಲಿಂದ ಬಂತು ಅಂತ ಅಜ್ಜನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಅದೇ ಊರಿನಲ್ಲಿ ಇದ್ದೇನೆ. ಆ ರೇಡಿಯೋ ಹಾಡುವುದಿಲ್ಲ. ಆದರೆ ಸ್ವಿಚ್ ಹಾಕಿದರೆ ಸ್ಟೇಷನ್ ಹೆಸರುಗಳ ಹಿಂದೆ ಹಳದಿ ಬೆಳಕು ಬರುತ್ತದೆ. ನನಗೆ ಅಷ್ಟು ಸಾಕು.

ಕಾಗದಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ನೋಡದೆ ಯಾವ ಮನೆಗೂ ಮುಂಗಡ ಕಳಿಸಬೇಡ. ಫೋಟೋ ನಂಬಿ ನಾನು ಒಂದು ತಿಂಗಳ ಬಾಡಿಗೆ ಕಳೆದುಕೊಂಡೆ, ಆ ಮನೆಯೇ ಇರಲಿಲ್ಲ. ಬಂದ ತಕ್ಷಣ ನಗರಸಭೆಯಲ್ಲಿ ವಿಳಾಸ ನೋಂದಾಯಿಸು. ಅಲ್ಲಿ ಸಿಗುವ ಬಿಎಸ್ಎನ್, ಅಂದರೆ ಇಲ್ಲಿನ ನಾಗರಿಕ ಗುರುತಿನ ನಂಬರ್, ಇಲ್ಲದೆ ಸಂಬಳವೂ ಸರಿಯಾಗಿ ಆಗುವುದಿಲ್ಲ. ಆರೋಗ್ಯ ವಿಮೆಗೆ ನಾಲ್ಕು ತಿಂಗಳು ಸಮಯ ಇದೆ, ಆದರೆ ಕಂತು ಮೊದಲ ದಿನದಿಂದಲೇ ಲೆಕ್ಕ, ಅದಕ್ಕೆ ತಡ ಮಾಡಿದರೆ ಲಾಭ ಇಲ್ಲ. ಮನೆ ಹತ್ತಿರದ ಫ್ಯಾಮಿಲಿ ಡಾಕ್ಟರ್ ಹತ್ತಿರ ಹುಷಾರಾಗಿರುವಾಗಲೇ ಹೆಸರು ಬರೆಸು. ಜ್ವರಕ್ಕೆ ಪ್ಯಾರಾಸಿಟಮಾಲ್ ತಗೊಂಡು ಮಲಗು ಅಂತ ಕಳಿಸಿದರೆ ಅವಮಾನ ಅಂದುಕೊಳ್ಳಬೇಡ, ಇಲ್ಲಿನ ರೀತಿ ಅದು. ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಎಸೆಯಬೇಡ, ಸೂಪರ್ ಮಾರ್ಕೆಟ್ಟಿನ ಮಷಿನ್‌ಗೆ ಹಾಕಿದರೆ ಚಿಕ್ಕದಕ್ಕೆ 15 ಸೆಂಟ್ ವಾಪಸ್ ಬರುತ್ತದೆ.

ಡಚ್ ಕಲಿಯಬೇಕಾ ಅಂತಲೂ ಕೇಳಿದ್ದೀಯ. ಇಂಗ್ಲಿಷ್‌ನಲ್ಲಿ ಎಲ್ಲ ನಡೆಯುತ್ತದೆ. ಆದರೂ ಒಂದು ಪದ ಕಲಿತು ಬಾ, 'ಹೌಡು'. ಈ ಬ್ರಬಾಂಟ್ ಸೀಮೆಯವರು ಹೊರಡುವಾಗ ಹೇಳುವ ಮಾತು, ಚೆನ್ನಾಗಿರು ಅನ್ನುವ ಅರ್ಥ. ನಾವು ಬರ್ತೀನಿ ಅನ್ನುತ್ತೀವಲ್ಲ, ಆ ಥರ. ತರಕಾರಿ ಅಂಗಡಿಯವನಿಗೆ ಅದನ್ನು ಹೇಳಿ ನೋಡು, ಮುಖ ಹೇಗೆ ಅರಳುತ್ತದೆ ಅಂತ.

ಬರುವ ದಿನ ತಿಳಿಸು. ಆ ವಾರದ ಶನಿವಾರ ಸಂಜೆ ಆರಕ್ಕೆ ರೈಲ್ವೆ ಸ್ಟೇಷನ್ ಮುಂದೆ ಅಂಟಾನ್ ಫಿಲಿಪ್ಸ್ ಪ್ರತಿಮೆಯ ಹತ್ತಿರ ನಿಂತಿರು. ತಿರುಗಿ ಸ್ಟೇಷನ್ ಕಟ್ಟಡ ನೋಡು. 1956ರದ್ದು, ದೊಡ್ಡ ರೇಡಿಯೋ ಥರ ಇದೆ ಅಂತ ಇಲ್ಲಿನವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಒಂದು ಸೈಕಲ್ ಸುಮ್ನೆ ನಿಂತಿದೆ, ಅದನ್ನು ತಂದಿರುತ್ತೇನೆ. ಲೈಟ್ ಎರಡೂ ಹಾಕಿಸಿದ್ದೇನೆ. ಕೈಗವಸು ಮಾತ್ರ ನೀನು ಮರೆಯಬೇಡ.